ವಸಂತಕ್ಕೆ ಮುಂಚೆ ಓದುವ ತೋಟಗಳು

ಚಳಿಗಾಲದ ಕೊನೆಯ ವಾರಗಳು ಬಂದರೆ ನಾನು ತೋಟದ ಪುಸ್ತಕ ಬಿಟ್ಟು ಬೇರೇನೂ ಓದುವುದಿಲ್ಲ. ಮಣ್ಣು ಇನ್ನೂ ತಣ್ಣಗಿರುತ್ತದೆ, ಗಿಡಗಳು ಎದ್ದಿರುವುದಿಲ್ಲ, ಕೈಗೆ ಕೆಲಸ ಕಡಿಮೆ, ಆದರೆ ಮನಸ್ಸು ಮಾತ್ರ ಆಗಲೇ ಬೀಜದ ಪೊಟ್ಟಣಗಳ ಸುತ್ತ ಓಡಾಡುತ್ತಿರುತ್ತದೆ. ಈ ಸ್ಥಿತಿಗೆ ಓದಿಗಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಒಮ್ಮೆ ವಸಂತ ಬಂತು ಅಂದರೆ ಓದುವುದಕ್ಕೆ ಪುರುಸೊತ್ತು ಎಲ್ಲಿ? ಬಿತ್ತಬೇಕು, ನೀರು ಹಾಕಬೇಕು, ಕಳೆ ಕೀಳಬೇಕು. ಹಾಗಾಗಿ ವರ್ಷದಲ್ಲಿ ಇದೊಂದೇ ಸಮಯ, ತೋಟದ ಬಗ್ಗೆ ಆಸೆ ಜಾಸ್ತಿ ಇದ್ದು ಬಿಡುವೂ ಇರುವುದು.

ತೋಟದ ಪುಸ್ತಕಗಳನ್ನು ನಾನು ಎರಡು ಥರ ಅಂತ ನೋಡುತ್ತೇನೆ. ಕೆಲವು ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳುತ್ತವೆ. ಇನ್ನು ಕೆಲವು, ನನ್ನ ತೋಟದಲ್ಲಿ ಈ ದಿನ ಇದು ನಡೆಯಿತು ಅಂತ ಹೇಳಿ ಸುಮ್ಮನಾಗುತ್ತವೆ. ಮೊದಲು ತೋಟ ಶುರು ಮಾಡಿದವರೆಲ್ಲ ಮೊದಲನೇ ಥರದ್ದನ್ನೇ ಹುಡುಕಿಕೊಂಡು ಹೋಗುತ್ತಾರೆ, ಅದು ಸಹಜ. ನನಗೆ ಮಾತ್ರ ವರ್ಷ ಕಳೆದ ಹಾಗೆ ಎರಡನೆಯದೇ ಹೆಚ್ಚು ಕಲಿಸುತ್ತಿದೆ. ಯಾಕೆ ಅಂತ ಈ ಬರಹದಲ್ಲಿ ಹೇಳಬೇಕು ಅಂತಿದ್ದೇನೆ. ಈ ಎರಡನೇ ಥರದ ಪುಸ್ತಕಗಳನ್ನು ಕಥೆ ಓದಿದ ಹಾಗೆ ಓದಿ ಬದಿಗಿಡುವವರು ಬಹಳ ಜನ. ಅವುಗಳಲ್ಲಿ ಇರುವ ಕೆಲಸದ ವಿಷಯ ಅವರ ಕಣ್ಣಿಗೆ ಬೀಳದೇ ಹೋಗುವುದು ನನಗೆ ನಿಜವಾಗಲೂ ಬೇಜಾರು.

‘ಮಾರ್ಚ್‌ನಲ್ಲಿ ಬಿತ್ತಿ’ ಅಂತ ಒಂದು ಪುಸ್ತಕ ಹೇಳುತ್ತದೆ ಅಂದುಕೊಳ್ಳಿ. ಯಾರ ಮಾರ್ಚ್? ಭೂಮಿಯ ಉತ್ತರ ಭಾಗದಲ್ಲಿ ಮಾರ್ಚ್ ಅಂದರೆ ವಸಂತದ ಬಾಗಿಲು. ದಕ್ಷಿಣ ಭಾಗದಲ್ಲಿ ಆಗ ಎಲೆ ಉದುರುವ ಕಾಲ, ಅಲ್ಲಿ ವಸಂತ ಬರುವುದು ಸೆಪ್ಟೆಂಬರ್‌ಗೆ. ಒಂದೇ ಗೋಳಾರ್ಧದಲ್ಲೂ ಸಮುದ್ರದ ಪಕ್ಕದ ಮಾರ್ಚ್ ಬೇರೆ, ಬೆಟ್ಟದ ಮೇಲಿನ ಮಾರ್ಚ್ ಬೇರೆ. ಬೀಜಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮಣ್ಣಿನ ಬಿಸಿ, ತೇವ, ಕೆಲವು ಬೀಜಗಳಿಗೆ ಬೆಳಕು, ಅಷ್ಟೇ. ಟೊಮೆಟೊ ಬೀಜವನ್ನು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಮಣ್ಣಿಗೆ ಹಾಕಿದರೆ ಅದು ಬಹುಮಟ್ಟಿಗೆ ಸುಮ್ಮನೆ ಬಿದ್ದಿರುತ್ತದೆ, ಕೊಳೆತರೂ ಕೊಳೆಯಬಹುದು. ಅದೇ ಬೀಜ 25ರಿಂದ 30 ಡಿಗ್ರಿಯಲ್ಲಿ ಬೇಗ ಬೇಗ ಮೊಳಕೆ ಒಡೆಯುತ್ತದೆ. ಲೆಟ್ಯೂಸ್ ಸೊಪ್ಪು ಇದಕ್ಕೆ ಉಲ್ಟಾ. ತಂಪಿನಲ್ಲಿ ಚೆನ್ನಾಗಿ ಹುಟ್ಟುತ್ತದೆ, ಮಣ್ಣು 30 ಡಿಗ್ರಿ ದಾಟಿದರೆ ಹುಟ್ಟುವುದಕ್ಕೇ ಒಪ್ಪುವುದಿಲ್ಲ. ಬಟಾಣಿ ಸಾಕಷ್ಟು ಚಳಿ ತಡೆಯುತ್ತದೆ. ಇನ್ನು ಗಾಳಿ ಬೆಚ್ಚಗಾದ ತಕ್ಷಣ ಮಣ್ಣೂ ಬೆಚ್ಚಗಾಗುತ್ತದೆ ಅಂತ ಇಲ್ಲ. ಮಣ್ಣು, ಅದರಲ್ಲೂ ನೀರು ಕುಡಿದ ಜೇಡಿಮಣ್ಣು, ತುಂಬಾ ನಿಧಾನ. ನಾಲ್ಕು ದಿನ ಬಿಸಿಲು ಬಂತು ಅಂತ ನಮಗೆ ಖುಷಿಯಾಗುತ್ತದೆ, ಕೆಳಗೆ ಒಂದು ಗೇಣು ಆಳದಲ್ಲಿ ಇನ್ನೂ ಚಳಿಗಾಲವೇ ಇರುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ಚಳಿಯ ಲೆಕ್ಕ. ಸೇಬಿನಂಥ ಮರಗಳ ಮೊಗ್ಗು ವಸಂತದಲ್ಲಿ ಸರಿಯಾಗಿ ಅರಳಬೇಕಾದರೆ ಅದಕ್ಕೆ ಮೊದಲು ನೂರಾರು ಗಂಟೆಗಳ ಕಾಲ, ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಆಗಿರಬೇಕು. ಟ್ಯೂಲಿಪ್ ಗೆಡ್ಡೆಗೂ ಹೀಗೇ, ವಾರಗಟ್ಟಲೆ ತಣ್ಣಗೆ ಮಲಗಿದ್ದರೆ ಮಾತ್ರ ಹೂವಿನ ದಂಟು ಉದ್ದವಾಗಿ ಮೇಲೆ ಬರುತ್ತದೆ. ಅಂದರೆ ವಸಂತದ ಹೂವಿನ ಅರ್ಧ ಕೆಲಸ ಚಳಿಗಾಲದಲ್ಲೇ ನಡೆದಿರುತ್ತದೆ. ಚಳಿ ಸಾಲದ ಕಡೆ ಎಷ್ಟೇ ಗೊಬ್ಬರ ಹಾಕಿದರೂ ಮರ ಅರೆಮನಸ್ಸಿನಿಂದ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತದೆ. ಹೀಗಿರುವಾಗ, ಬರೆದವರು ಎಲ್ಲಿ ಕೂತು ಬರೆದರು, ಅಲ್ಲಿ ಎಷ್ಟು ಚಳಿ, ಅವರ ಮಣ್ಣು ಎಂಥದ್ದು ಅಂತ ಹೇಳದ ಸಲಹೆಯನ್ನು ನಾವು ಏನು ಮಾಡಬೇಕು? ಅದೇ ಒಬ್ಬರು, ‘ನಮ್ಮಲ್ಲಿ ಕಡೆಯ ಹಿಮ ಬಿದ್ದು ಮೂರು ವಾರ ಆದ ಮೇಲೆ ಬಿತ್ತಿದೆ, ಹತ್ತನೇ ದಿನ ಮೊಳಕೆ ಕಂಡಿತು’ ಅಂತ ಬರೆದಿಟ್ಟರೆ ಅದನ್ನು ನಮ್ಮ ಮಣ್ಣಿಗೆ ಹೊಂದಿಸಿಕೊಳ್ಳಬಹುದು. ಊರು, ದಿನ, ಆಗಿದ್ದೇನು, ಇಷ್ಟು ಇದ್ದರೆ ಇನ್ನೂರು ವರ್ಷದ ಹಳೆಯ ಬರಹವೂ ಇವತ್ತು ಕೆಲಸಕ್ಕೆ ಬರುತ್ತದೆ.

ಇನ್ನೂರು ವರ್ಷ ಅಂತ ಸುಮ್ನೆ ಹೇಳಿದ್ದಲ್ಲ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಒಂದು ತೋಟದ ಪುಸ್ತಕ ಇಟ್ಟಿದ್ದ. ಅದರ ಮೊದಲ ಸಾಲು 1766ರ ಮಾರ್ಚ್ 30ರದ್ದು, ನೇರಳೆ ಬಣ್ಣದ ಹೈಯಸಿಂತ್ ಅರಳಲು ಶುರುವಾಯಿತು ಅಂತ. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಕೊನೆಯ ಟಿಪ್ಪಣಿಗಳು 1824ರವು. ನಡುವೆ ಒಂದು ದೇಶವೇ ಹುಟ್ಟಿತು, ಅವನು ಅಧ್ಯಕ್ಷನಾಗಿ ಇಳಿದೂ ಆಯಿತು, ಪುಸ್ತಕದಲ್ಲಿ ಮಾತ್ರ ಬಟಾಣಿ, ಹುರುಳಿಕಾಯಿ, ಪೀಚ್ ಮರ. ಯಾವುದನ್ನು ಎಲ್ಲಿ ಬಿತ್ತಿದ್ದು, ಯಾವತ್ತು ಬಿತ್ತಿದ್ದು, ಯಾವತ್ತು ಊಟಕ್ಕೆ ಬಂತು, ಯಾವತ್ತು ಮುಗಿಯಿತು ಅಂತ ಸಾಲು ಸಾಲಾಗಿ ಬರೆದಿದ್ದಾನೆ. ಬರಲಿಲ್ಲ, ಸತ್ತುಹೋಯಿತು ಅನ್ನುವುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ. ಈ ಸೋಲಿನ ಸಾಲುಗಳನ್ನು ನಾನು ತುಂಬಾ ಇಷ್ಟಪಟ್ಟು ಓದುತ್ತೇನೆ, ಯಾಕೆಂದರೆ ಚೆಂದದ ಫೋಟೋಗಳಿರುವ ಪುಸ್ತಕಗಳಲ್ಲಿ ಸಾಯುವ ಗಿಡ ಇರುವುದೇ ಇಲ್ಲ.

ಆದರೆ ಈ ಪುಸ್ತಕವನ್ನು ಓದುವಾಗ ಇನ್ನೊಂದು ವಿಷಯ ಮರೆಯಬಾರದು. ವರ್ಜೀನಿಯಾದ ಮಾಂಟಿಸೆಲ್ಲೋ ಎಂಬ ಅವನ ಎಸ್ಟೇಟಿನ ತರಕಾರಿ ತೋಟ ಬೆಟ್ಟದ ಇಳಿಜಾರನ್ನು ಕಡಿದು ಮಾಡಿದ್ದು, 1,000 ಅಡಿ ಉದ್ದ. ಅದನ್ನು ಕಡಿದವರು, ಮಣ್ಣು ಹೊತ್ತವರು ಗುಲಾಮರಾಗಿ ದುಡಿಯುತ್ತಿದ್ದ ಜನ. ಅವನ ಜೀವಮಾನದಲ್ಲಿ ಅಂಥ 600ಕ್ಕೂ ಹೆಚ್ಚು ಜನ ಅವನ ಕೈಕೆಳಗಿದ್ದರು. ‘ಬಿತ್ತಿದೆ’ ಅನ್ನುವ ಒಂದು ಕ್ರಿಯಾಪದದ ಹಿಂದೆ ಯಾರ ಬೆನ್ನು ಬಗ್ಗಿತ್ತು ಅಂತ ಕೇಳದೆ ಆ ದಿನಚರಿ ಓದಲು ನನಗೆ ಆಗುವುದಿಲ್ಲ. ದೊಡ್ಡ ತೋಟಗಳ ಬಗ್ಗೆ ಬರೆದ ಹೆಚ್ಚಿನ ಹಳೆಯ ಪುಸ್ತಕಗಳಿಗೆ ಈ ಪ್ರಶ್ನೆ ಕೇಳಲೇಬೇಕು.

ಗಿಲ್ಬರ್ಟ್ ವೈಟ್ ಹತ್ತಿರ ಹೋದರೆ ಮನಸ್ಸಿಗೆ ಸ್ವಲ್ಪ ಹಗುರ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ. 1751ರಲ್ಲಿ ತೋಟದ ದಿನಚರಿ ಬರೆಯಲು ಶುರು ಮಾಡಿದ, ಮುಂದೆ ಅದೇ ಅಭ್ಯಾಸ ಹಕ್ಕಿ, ಹುಳ, ಮಳೆ, ಗಾಳಿ ಎಲ್ಲದರ ದಿನಚರಿಯಾಗಿ ಬೆಳೆಯಿತು, 1793ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಗಾಡಿಗಟ್ಟಲೆ ಗೊಬ್ಬರ ತರಿಸಿ, ಅದು ಕೊಳೆಯುವಾಗ ಬರುವ ಶಾಖದಲ್ಲಿ ಕರಬೂಜ ಬೆಳೆಸುವುದು ಅವನಿಗೆ ಬಹಳ ಮುಖ್ಯವಾದ ಕೆಲಸ. ಅವನ ಪುಟಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಟಿಮೋತಿ ಎಂಬ ಆಮೆ. 1780ರಲ್ಲಿ, ಸೋದರತ್ತೆ ತೀರಿಕೊಂಡ ಮೇಲೆ, ಅವಳು ಸಾಕಿದ್ದ ಆಮೆಯನ್ನು ತನ್ನ ತೋಟಕ್ಕೆ ತಂದುಕೊಂಡ. ಅದು ಚಳಿಗಾಲದಲ್ಲಿ ಮಣ್ಣೊಳಗೆ ಹೋಗಿ ಮಲಗುತ್ತದೆ, ವಸಂತದಲ್ಲಿ ಮಣ್ಣು ಎತ್ತಿಕೊಂಡು ಮೇಲೆ ಬರುತ್ತದೆ. ಪ್ರತಿ ವರ್ಷ ಅದು ಎದ್ದ ದಿನವನ್ನು ಅವನು ಕಾದು ನೋಡಿ ಗುರುತು ಹಾಕುತ್ತಾನೆ. ಆ ಆಮೆ ಹೆಣ್ಣು ಅಂತ ಗೊತ್ತಾಗಿದ್ದು ಅವನು ಹೋಗಿ, ಆಮೆಯೂ ಹೋಗಿ, ಯಾರೋ ಚಿಪ್ಪನ್ನು ಪರೀಕ್ಷೆ ಮಾಡಿದಾಗ. ಈಗ ಅದರ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಇನ್ನೊಂದು ಕಡೆ, ನಾರ್ಫೋಕ್‌ನಲ್ಲಿ, ರಾಬರ್ಟ್ ಮಾರ್ಷಮ್ ಎಂಬುವನು 1736ರಿಂದ ವಸಂತದ ಗುರುತುಗಳನ್ನು ಬರೆದಿಡುತ್ತಿದ್ದ. ಮೊದಲ ಸ್ನೋಡ್ರಾಪ್ ಹೂ ಯಾವತ್ತು, ಕಪ್ಪೆ ಕೂಗಿದ್ದು ಯಾವತ್ತು, ಓಕ್ ಮರ ಚಿಗುರಿದ್ದು ಯಾವತ್ತು, ಮೊದಲ ಅಂಬರಗುಬ್ಬಿ ಬಂದದ್ದು ಯಾವತ್ತು, ಹೀಗೆ 27 ಗುರುತುಗಳು. 1789ರಲ್ಲಿ ಅವನ ಪಟ್ಟಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು, ಅದೇ ವರ್ಷ ವೈಟ್ ತನ್ನ ಸೆಲ್ಬೋರ್ನ್‌ನ ಪ್ರಕೃತಿಯ ಬಗ್ಗೆ ಬರೆದ ಪುಸ್ತಕವೂ ಬಂತು. ಆಮೇಲೆ ಇಬ್ಬರೂ ಕಾಗದ ಬರೆದುಕೊಳ್ಳಲು ಶುರು ಮಾಡಿದರು, ಇಬ್ಬರಿಗೂ ಆಗ ವಯಸ್ಸಾಗಿತ್ತು. ಒಂದೇ ಕೆಲಸವನ್ನು ಜೀವನಪೂರ್ತಿ ಬೇರೆ ಬೇರೆ ತೋಟದಲ್ಲಿ ಮಾಡಿದ ಇಬ್ಬರು ಮುದುಕರು, ನಿಮ್ಮಲ್ಲಿ ಈ ವರ್ಷ ಏನೇನು ಚಿಗುರಿತು ಅಂತ ಕೇಳಿಕೊಳ್ಳುವುದು. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಮಾರ್ಷಮ್ ಸತ್ತ ಮೇಲೂ ಅವನ ಮನೆತನದವರು ಈ ಪಟ್ಟಿಯನ್ನು ಮುಂದುವರಿಸಿದರು, 1958ರವರೆಗೆ! ಈಗ ಹವಾಮಾನ ಬದಲಾವಣೆಯ ಅಧ್ಯಯನ ಮಾಡುವವರು ಆ ದಿನಾಂಕಗಳನ್ನು ಬಳಸುತ್ತಾರೆ. ಮೊದಲ ಹೂವಿನ ದಿನವನ್ನು ಬರೆದಿಡುವಾಗ ಮಾರ್ಷಮ್‌ಗೆ ಇದು ಗೊತ್ತಿತ್ತೇ? ಇರಲಾರದು. ನೋಡಬೇಕು ಅನ್ನಿಸಿತು, ನೋಡಿದ, ಬರೆದ.

ಇದಕ್ಕಿಂತಲೂ ಉದ್ದದ ದಾಖಲೆ ಜಪಾನಿನ ಕ್ಯೋಟೋದ್ದು. ಅಲ್ಲಿನ ಅರಮನೆಯವರು, ಸನ್ಯಾಸಿಗಳು ಬರೆದ ಡೈರಿಗಳಲ್ಲಿ ಚೆರ್ರಿ ಹೂ ನೋಡಲು ಹೋದ ದಿನಗಳಿವೆ. ಅವನ್ನು ಹೆಕ್ಕಿ ಜೋಡಿಸಿದರೆ 812ನೇ ಇಸವಿಯವರೆಗೆ ಹಿಂದಕ್ಕೆ ಹೋಗಬಹುದು. ನಡುನಡುವೆ ವರ್ಷಗಳು ತಪ್ಪಿವೆ, ಆದರೂ ಸುಮಾರು 1,200 ವರ್ಷಗಳ ವಸಂತ ಅದು. 2021ರಲ್ಲಿ ಅಲ್ಲಿ ಹೂ ಪೂರ್ತಿ ಅರಳಿದ್ದು ಮಾರ್ಚ್ 26ರಂದು. ಆ ಇಡೀ ದಾಖಲೆಯಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಅರಳಿದ್ದೇ ಇಲ್ಲ. ವಸಂತ ಬೇಗ ಬರುತ್ತಿದೆ ಅಂತ ನಾವೆಲ್ಲ ಮಾತಾಡುತ್ತೇವೆ, ಅಲ್ವಾ? ಹೂ ನೋಡಲು ಹೋದವರು ತಾರೀಖು ಹಾಕದೆ ಬರೆದಿದ್ದರೆ ನಮ್ಮ ಹತ್ತಿರ ಬರೀ ಮಾತೇ ಇರುತ್ತಿತ್ತು.

ದಿನಚರಿ ಅಲ್ಲದ ಒಂದು ಪುಸ್ತಕವನ್ನೂ ಹೇಳಲೇಬೇಕು. ಜೆಕ್ ಲೇಖಕ ಕಾರೆಲ್ ಚಾಪೆಕ್ 1929ರಲ್ಲಿ ತೋಟಗಾರನ ಒಂದು ವರ್ಷದ ಬಗ್ಗೆ ಪುಟ್ಟ ಪುಸ್ತಕ ಬರೆದ, ಜನವರಿಯಿಂದ ತಿಂಗಳು ತಿಂಗಳಿಗೆ ಒಂದು ಅಧ್ಯಾಯ, ಅಣ್ಣ ಯೋಸೆಫ್ ಚಿತ್ರ ಬರೆದ. ತುಂಬಾ ನಗಿಸುವ ಪುಸ್ತಕ ಅಂತಲೇ ಅದಕ್ಕೆ ಹೆಸರು. ನನಗೆ ಅದರ ನಗುವಿಗಿಂತ ಅದರ ಕಣ್ಣು ಮುಖ್ಯ. ನಿಜವಾದ ತೋಟಗಾರ ಬೆಳೆಸುವುದು ಹೂವನ್ನಲ್ಲ, ಮಣ್ಣನ್ನು, ಅನ್ನುವುದು ಅವನ ವಾದ. ಇನ್ನೊಂದು ಕಡೆ ಅವನು ಶರತ್ಕಾಲದ ಬಗ್ಗೆ ಹೇಳುತ್ತಾನೆ: ಎಲೆ ಉದುರಿತು, ಎಲ್ಲ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಮುಂದಿನ ವಸಂತದ ಮೊಗ್ಗುಗಳು ಆಗಲೇ ಕೊಂಬೆಯ ಮೇಲೆ ಸಿದ್ಧವಾಗಿ ಕೂತಿವೆ. ಇದು ಬರೀ ಚೆಂದದ ಮಾತಲ್ಲ, ಅಕ್ಷರಶಃ ನಿಜ. ಎಲೆ ಉದುರಿಸುವ ಹೆಚ್ಚಿನ ಮರಗಳು ಮುಂದಿನ ವರ್ಷದ ಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟಿಕೊಂಡಿರುತ್ತವೆ. ಈಗಲೇ ಯಾವುದಾದರೂ ಬೋಳು ಕೊಂಬೆಯನ್ನು ಹತ್ತಿರದಿಂದ ನೋಡಿ, ಚಿಪ್ಪು ಚಿಪ್ಪಾಗಿ ಮುಚ್ಚಿಕೊಂಡ ಮೊಗ್ಗು ಕಾಣುತ್ತದೆ. ದಪ್ಪಗೆ ದುಂಡಗೆ ಇದ್ದರೆ ಬಹಳ ಸಲ ಹೂವಿನದ್ದು, ಸಣ್ಣಗೆ ಚೂಪಾಗಿದ್ದರೆ ಎಲೆಯದ್ದು. ಕತ್ತರಿ ಹಿಡಿದು ಕೊಂಬೆ ಸವರುವ ಮುಂಚೆ ಇದು ಗೊತ್ತಿದ್ದರೆ ಎಷ್ಟೋ ಹೂ ಉಳಿಯುತ್ತದೆ.

ಬೀಜದ ಕ್ಯಾಟಲಾಗುಗಳನ್ನು ಓದುವುದು ಓದೇ ಅಲ್ಲ ಅನ್ನುವವರಿದ್ದಾರೆ. ಅವರಿಗೆ ಕ್ಯಾಥರೀನ್ ವೈಟ್ ಉತ್ತರ ಕೊಟ್ಟು ಬಹಳ ಕಾಲವಾಯಿತು. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ದೊಡ್ಡ ದೊಡ್ಡ ಲೇಖಕರ ಕಥೆಗಳನ್ನು ತಿದ್ದುತ್ತಿದ್ದ ಸಂಪಾದಕಿ ಅವರು. 1958ರ ಮಾರ್ಚ್ 1ರ ಸಂಚಿಕೆಯಲ್ಲಿ ಬೀಜದ ಕ್ಯಾಟಲಾಗುಗಳನ್ನು ಸಾಹಿತ್ಯ ಕೃತಿಗಳ ಹಾಗೆ ವಿಮರ್ಶೆ ಮಾಡಿದರು. ಯಾರ ಭಾಷೆ ಚೆನ್ನಾಗಿದೆ, ಯಾರು ಸುಮ್ಮನೆ ಹೊಗಳುತ್ತಾರೆ, ಯಾರಿಗೆ ನಿಜವಾಗಿ ಗಿಡದ ಮೇಲೆ ಪ್ರೀತಿ ಇದೆ ಅಂತ. ಅವರು 1977ರಲ್ಲಿ ತೀರಿಕೊಂಡ ಮೇಲೆ ಗಂಡ ಇ. ಬಿ. ವೈಟ್ ಆ ಬರಹಗಳನ್ನೆಲ್ಲ ಸೇರಿಸಿ 1979ರಲ್ಲಿ ಪುಸ್ತಕ ಮಾಡಿದರು. ಅದನ್ನು ಓದಿದ ಮೇಲೆ ನಾನು ಕ್ಯಾಟಲಾಗು ಓದುವ ರೀತಿಯೇ ಬದಲಾಯಿತು. ‘ಅದ್ಭುತ’, ‘ಅತ್ಯುತ್ತಮ’ ಅನ್ನುವ ಪದಗಳನ್ನು ದಾಟಿ, ಎಷ್ಟು ಎತ್ತರ, ಎಷ್ಟು ದಿನಕ್ಕೆ ಕಾಯಿ, ಎಷ್ಟು ಬಿಸಿಲು ಬೇಕು, ಯಾವ ರೋಗ ತಡೆಯುತ್ತದೆ, ಇದನ್ನು ಹುಡುಕುತ್ತೇನೆ. ದೋಷವನ್ನೂ ಹೇಳುವ ಕ್ಯಾಟಲಾಗು ಸಿಕ್ಕರೆ ಅದನ್ನೇ ನಂಬುತ್ತೇನೆ. ‘ರುಚಿ ಚೆನ್ನಾಗಿದೆ, ಆದರೆ ಹಣ್ಣು ಬೇಗ ಬಿರುಕು ಬಿಡುತ್ತದೆ’ ಅಂತ ಬರೆದವರು ಆ ಗಿಡವನ್ನು ಬೆಳೆದೇ ಬರೆದಿರುತ್ತಾರೆ.

ಡೆರೆಕ್ ಜಾರ್ಮನ್ ಡೈರಿಯನ್ನು ಮಾತ್ರ ನಾನು ಒಂದೇ ಸಲಕ್ಕೆ ಜಾಸ್ತಿ ಓದುವುದಿಲ್ಲ. ಸಿನಿಮಾ ನಿರ್ದೇಶಕ. ತನಗೆ ಎಚ್‌ಐವಿ ಇದೆ ಅಂತ 1986ರಲ್ಲಿ ಗೊತ್ತಾಯಿತು. ಆಗ ಅದಕ್ಕೆ ಸರಿಯಾದ ಔಷಧಿ ಇರಲಿಲ್ಲ. ಅದಾದ ಮೇಲೆ ಇಂಗ್ಲೆಂಡಿನ ಡಂಜನೆಸ್ ಕಡಲತೀರದಲ್ಲಿ ಮರದ ಒಂದು ಪುಟ್ಟ ಮನೆ ತೆಗೆದುಕೊಂಡು ತೋಟ ಮಾಡಿದ. ಅಲ್ಲಿ ಮಣ್ಣು ಅಂತ ಇಲ್ಲ, ಬರೀ ನುಣುಪು ಕಲ್ಲು. ಉಪ್ಪು ಗಾಳಿ. ಹತ್ತಿರದಲ್ಲೇ ಅಣು ವಿದ್ಯುತ್ ಸ್ಥಾವರ. ಬೇಲಿ ಹಾಕಲಿಲ್ಲ. ಸಮುದ್ರ ತಂದು ಹಾಕಿದ ಮರದ ತುಂಡು, ತುಕ್ಕು ಹಿಡಿದ ಕಬ್ಬಿಣ, ತೂತಿರುವ ಕಲ್ಲು ಇವನ್ನೆಲ್ಲ ನಿಲ್ಲಿಸಿ, ಅವುಗಳ ನಡುವೆ ಆ ಜಾಗದಲ್ಲಿ ಬದುಕಬಲ್ಲ ಗಿಡಗಳನ್ನೇ ಬೆಳೆಸಿದ. ಸೀ ಕೇಲ್ ಎಂಬ, ಕಲ್ಲಿನ ತೀರದಲ್ಲೇ ಹುಟ್ಟುವ ಗಿಡ ಅಲ್ಲಿ ಮುಖ್ಯ. 1989ರ ಜನವರಿ 1ರಂದು ಶುರುವಾಗುವ ಆ ಡೈರಿಯಲ್ಲಿ ಗೆಳೆಯರ ಸಾವು, ತನ್ನ ಕಾಯಿಲೆ, ನೆಟ್ಟ ಗಿಡ ಎಲ್ಲ ಒಂದರ ಪಕ್ಕ ಒಂದು ಬರುತ್ತವೆ. ಅವನು 1994ರಲ್ಲಿ ತೀರಿಕೊಂಡ. ಒಳ್ಳೆಯ ಮಣ್ಣಿಲ್ಲ, ಜಾಗವಿಲ್ಲ, ಆಮೇಲೆ ನೋಡೋಣ ಅಂತ ಯಾರಾದರೂ ಹೇಳಿದರೆ ನಾನು ಈ ಪುಸ್ತಕವನ್ನು ಅವರ ಕೈಗೆ ಕೊಡುತ್ತೇನೆ.

ಹೀಗೆಲ್ಲ ಹೇಳಿದೆ ಅಂತ ‘ಹೀಗೆ ಮಾಡಿ’ ಅನ್ನುವ ಪುಸ್ತಕಗಳು ಬೇಡ ಅಂತ ಅಲ್ಲ. ಅವು ಮನುಷ್ಯ ತೋಟ ಮಾಡಿದಷ್ಟೇ ಹಳೆಯವು ಅನ್ನಬಹುದು. ಕನ್ನಡದಲ್ಲೇ ಸುಮಾರು 1025ರಲ್ಲಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯ ಅಲ್ಲ, ಆಮೇಲಿನವನು. ಅದರಲ್ಲಿ ನೆಲದಡಿಯ ನೀರು ಹುಡುಕುವುದು, ಗಿಡಮರಗಳ ಆರೈಕೆ, ಅವುಗಳ ರೋಗಕ್ಕೆ ಮದ್ದು, ಹೀಗೆ ಬದುಕಿಗೆ ಬೇಕಾದ ಎಷ್ಟೋ ವಿಷಯಗಳಿವೆ. ಸಾವಿರ ವರ್ಷದ ಹಿಂದೆ ಯಾರೋ ಒಂದು ಗಿಡ ಒಣಗುತ್ತಿರುವುದನ್ನು ನೋಡಿ, ಯಾಕೆ ಅಂತ ಯೋಚಿಸಿ, ನಮ್ಮ ಭಾಷೆಯಲ್ಲೇ ಬರೆದಿಟ್ಟಿದ್ದಾರೆ. ಅದರ ಮದ್ದುಗಳನ್ನೆಲ್ಲ ಇವತ್ತು ಹಾಗೆಯೇ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಆ ಕಾಳಜಿ ಮಾತ್ರ ಹಳೆಯದಾಗಿಲ್ಲ.

ನಾನು ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಪುಸ್ತಕದ ಮೊದಲ ಪುಟ ತೆರೆದ ಕೂಡಲೇ ಬರೆದವರ ಊರು, ಅಲ್ಲಿನ ಮಳೆಗಾಲ, ಹಿಮ ಬೀಳುತ್ತದೋ ಇಲ್ಲವೋ, ಮಣ್ಣು ಮರಳೋ ಜೇಡಿಯೋ, ಇಷ್ಟನ್ನು ಪುಸ್ತಕದಲ್ಲೇ ಹುಡುಕಿ ಬರೆದುಕೊಳ್ಳುತ್ತೇನೆ. ಕೆಲವರು ಅದನ್ನು ಐವತ್ತನೇ ಪುಟದಲ್ಲಿ ಎಲ್ಲೋ ಬಾಯಿಬಿಡುತ್ತಾರೆ. ಆಮೇಲೆ ಅವರು ಕೊಟ್ಟ ತಿಂಗಳ ಹೆಸರುಗಳನ್ನು ಬಿಟ್ಟು, ಯಾವುದರ ನಂತರ ಯಾವುದು ಅನ್ನುವುದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಇಂಥ ಮರ ಚಿಗುರಿದ ಮೇಲೆ ಇಂಥ ಬೀಜ, ಇಂಥ ಹುಳ ಕಂಡ ಮೇಲೆ ಇಂಥ ಕೆಲಸ. ಈ ಕ್ರಮ ತಾರೀಖಿಗಿಂತ ಎಷ್ಟೋ ಗಟ್ಟಿ, ಯಾಕೆಂದರೆ ಮರವೂ ಹುಳವೂ ಅದೇ ವರ್ಷದ ಬಿಸಿಲನ್ನೇ ಲೆಕ್ಕ ಹಾಕಿಕೊಂಡು ಹೊರಗೆ ಬಂದಿರುತ್ತವೆ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನನ್ನ ತೋಟದ ದಿನಾಂಕಗಳೂ ಇವೆ. ಮೊದಲ ಮೊಗ್ಗು, ಮೊದಲ ಜೇನುಹುಳ, ಎಲೆ ಸುರುಳಿ ಹುಳ ಬಂದ ದಿನ. ಓದುತ್ತಾ ಓದುತ್ತಾ ಹಿಂದೆ ತಿರುವಿ ನೋಡಿ ಹೋಲಿಸುವುದರಲ್ಲಿ ಎಷ್ಟು ಹೊತ್ತು ಹೋಗುತ್ತದೋ ಗೊತ್ತಾಗುವುದಿಲ್ಲ.

ಈ ಸಲ ನಾನು ಹುಡುಕುತ್ತಿರುವುದು ದಕ್ಷಿಣ ಗೋಳಾರ್ಧದ ಒಂದು ತೋಟದ ದಿನಚರಿ, ಸೆಪ್ಟೆಂಬರ್‌ನಲ್ಲಿ ವಸಂತ ಶುರುವಾಗುವ ಕಡೆಯದ್ದು. ಇಷ್ಟು ದಿನ ಓದಿದ ದಿನಚರಿಗಳಲ್ಲಿ ಹೆಚ್ಚಿನವು ಉತ್ತರದ ಚಳಿ ದೇಶಗಳವೇ. ಬೇರೆ ಕಡೆಯ ಜನ ತಮ್ಮ ಗಿಡಗಳನ್ನು ಹೇಗೆ ನೋಡಿದರು, ಏನು ಬರೆದಿಟ್ಟರು ಅಂತ ತಿಳಿಯುವ ಆಸೆ. ನೀವು ಅಂಥದ್ದು ಓದಿದ್ದರೆ ಹೆಸರು ಹೇಳಿ. ಪ್ರಕಟವಾದದ್ದೇ ಆಗಬೇಕು ಅಂತಿಲ್ಲ, ಮನೆಯ ಹಿರಿಯರು ಹಳೆಯ ಡೈರಿಯಲ್ಲಿ ಮೊದಲ ಹೂ ಬಿಟ್ಟ ದಿನ, ಮೊದಲ ಮಳೆ ಬಂದ ದಿನ ಅಂತ ಗುರುತು ಹಾಕಿಟ್ಟಿದ್ದರೆ ಅದನ್ನೂ ಓದುವ ಮನಸ್ಸಿದೆ.